ದೇವರು ಔಟ್ ಫಾರ್ ಡೆಲಿವರಿ

ಶಿರಸಿಯಲ್ಲಿ ಕೂತು ಮೊಬೈಲಿನಲ್ಲಿ ದೇವರನ್ನು ತರಿಸಿದ ಬುದ್ಧಿವಂತ ನಾನು. ಗಂಧದ ತುಂಡಿನಲ್ಲಿ ದೇವರನ್ನು ಬಿಡಿಸುವ ಗುಡಿಗಾರರ ಸೀಮೆ ಇದು. ಮನೆಯಿಂದ ಹತ್ತು ನಿಮಿಷ ನಡೆದರೆ ಒಬ್ಬರು ಉಳಿ ಹಿಡಿದು ಕೂತಿರುತ್ತಾರೆ. ಆದರೆ ಅವರು "ಎರಡು ತಿಂಗಳು ಬೇಕು" ಅಂತಾರೆ. ಮೊಬೈಲಿನವರು ನಾಲ್ಕೇ ದಿನ ಅಂದರು. ಮೇಲೆ 'ಭರವಸೆಯಿಂದ ಕೊಳ್ಳಿ' ಅಂತ ಹಸಿರು ಟಿಕ್ ಬೇರೆ. ದೇವರ ಮೇಲೆ ಅಷ್ಟಕ್ಕಷ್ಟೇ ಇದ್ದ ನಂಬಿಕೆ ಆ ಟಿಕ್ ಮೇಲೆ ಪೂರ್ತಿ ಬಂತು.

'ಇಡಗುಂಜಿ ಗಣಪತಿ. ಕೈಯಾರೆ ಕೆತ್ತಿದ್ದು. ಇಂಥದ್ದು ಇನ್ನೊಂದಿಲ್ಲ.' ಅದರ ಕೆಳಗೇ 'ಸ್ಟಾಕ್: 480'. ಕೊಂಡವರೊಬ್ಬರು 'ದೇವರು ಚೆನ್ನಾಗಿದ್ದಾನೆ, ಪ್ಯಾಕಿಂಗ್ ಸುಮಾರು' ಅಂತ ಮೂರು ಸ್ಟಾರ್ ಕೊಟ್ಟಿದ್ದರು.

ಐದನೇ ದಿನ ಫೋನ್. "ಸಾರ್, ಗಣಪತಿ ಬಂದಿದೆ, ಓಟಿಪಿ ಹೇಳಿ." ಆಯಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹುಡುಗ ಡಬ್ಬಿಯ ಫೋಟೋ ಹೊಡೆದು ಹೋಗಿಯಾಗಿತ್ತು.

ಬಿಚ್ಚಿದೆ. ಸೊಂಡಿಲಿನಿಂದ ಹೊಟ್ಟೆಯವರೆಗೆ ಕೂದಲೆಳೆಯಂಥ ಗೆರೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಉಗುರಲ್ಲಿ ಕೆರೆದರೆ ಕಂದು ಬಣ್ಣ ಎದ್ದು ಒಳಗಿನ ಬಿಳಿ ಕಂಡಿತು. ಗಂಧದ ವಾಸನೆ ಮಾತ್ರ ಇತ್ತು, ಸುಳ್ಳು ಹೇಳಬಾರದು. ಜೊತೆಗೆ ಪುಕ್ಕಟೆ ಕೊಟ್ಟಿದ್ದ ಊದುಬತ್ತಿಯದು. 'ಅಸಲಿ' ಅನ್ನುವ ಸರ್ಟಿಫಿಕೇಟೂ ಇತ್ತು. ಅದರ ಸಹಿಯೂ ಅಚ್ಚಿನದೇ.

ಆಯಿ ಕನ್ನಡಕ ಏರಿಸಿ ನೋಡಿದಳು. "ತಮಾ, ಇದು ಯಾವ ಊರಿನ ಗಣಪತಿಯೋ? ಇಡಗುಂಜಿಯವ ನಿಂತವ. ಇರೋದೇ ಎರಡು ಕೈ. ಒಂದರಲ್ಲಿ ಪದ್ಮ, ಒಂದರಲ್ಲಿ ಮೋದಕ. ಅವನಿಗೆ ಇಲಿಯೂ ಇಲ್ಲ. ಇವ ನಾಲ್ಕು ಕೈ ಬಿಟ್ಟುಕೊಂಡು, ಇಲಿ ಸಮೇತ ಆರಾಮಾಗಿ ಕೂತಿದ್ದಾನಲ್ಲ!"

ವಾಪಸ್ ಕಳಿಸೋಣ ಅಂದರೆ ಕಾರಣ ಕೇಳಿದರು. ಸೈಜ್ ಸರಿಯಿಲ್ಲ, ಬಣ್ಣ ಇಷ್ಟವಾಗಿಲ್ಲ, ಮನಸ್ಸು ಬದಲಾಯಿತು. ನನ್ನ ಕಾರಣ ಅದರಲ್ಲಿ ಇರಲಿಲ್ಲ. 'ಎರಡು ಕೈ ಜಾಸ್ತಿ ಬಂದಿವೆ' ಅಂತ ನಾನೇ ಬರೆದೆ. ಉತ್ತರ ತಕ್ಷಣ ಬಂತು: 'ಹೆಚ್ಚುವರಿ ಬಂದಿದ್ದಕ್ಕೆ ಹಣ ಕೊಡಬೇಕಿಲ್ಲ. ಇಟ್ಟುಕೊಳ್ಳಿ.'

ಕೊನೆಗೆ ಚೀಲದಲ್ಲಿ ಹಾಕಿಕೊಂಡು ಅದೇ ಗುಡಿಗಾರರ ಹತ್ತಿರ ಹೋದೆ. ಮುಖ ತೋರಿಸಲು ನಾಚಿಕೆ. ಅವರು ಬೈಯಲಿಲ್ಲ. ತಿರುಗಿಸಿ ನೋಡಿ, ಬೆರಳಲ್ಲಿ ಒಮ್ಮೆ ತಟ್ಟಿದರು.

"ಮೇಲಿನ ಎರಡು ಕೈ ತೆಗೀಬಹುದಾ?" ಅಂತ ಕೇಳಿದೆ.

"ಕೈ ತೆಗೀಬಹುದು. ಇಲಿಯನ್ನೂ ಓಡಿಸಬಹುದು," ಅಂದರು. "ಆದರೆ ಕೂತವನನ್ನು ಎಬ್ಬಿಸಿ ನಿಲ್ಲಿಸೋದು ಹೇಗೆ ಮಾರಾಯ್ರೆ?"