ತಪ್ಪು ಸಮಸಮ ಹೇಗಾಗುತ್ತದೆ?

'ಮಗು ನಿರೀಕ್ಷೆಯಲ್ಲಿರುವ ಚಿಕ್ಕ ವಯಸ್ಸಿನ ಜೋಡಿಗಳಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಕೈ ಎತ್ತುತ್ತಾರೆ, ಹಾಗಾಗಿ ತಪ್ಪು ಸಮಸಮ' ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಚಾಳಿಗೆ, ಅಂದರೆ ವಠಾರಕ್ಕೆ, ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ. ಇಪ್ಪತ್ತು ವರ್ಷ, ಏಳು ತಿಂಗಳು ತುಂಬಿತ್ತು. ಸೀಮಂತಕ್ಕೆ ಹಸಿರು ಬಳೆ ತೊಡಿಸಲು ನಾನೇ ಕೂತಿದ್ದೆ. ಎಡಗೈಗೆ ಬಳೆ ಏರಲೇ ಇಲ್ಲ. ಮಣಿಕಟ್ಟು ಊದಿತ್ತು, ಮೇಲೆ ನಾಲ್ಕು ಬೆರಳಿನ ಗುರುತು. "ನಾನೂ ಅವರನ್ನ ತಳ್ಳಿದೆ ಅಕ್ಕಾ, ನಂದೂ ತಪ್ಪಿದೆ" ಅಂದಳು. ತಳ್ಳಿದ್ದು ಯಾಕೆ? ಅಡುಗೆಮನೆ ಮೂಲೆಯಿಂದ ತಪ್ಪಿಸಿಕೊಳ್ಳಲು. ಸುಮ್ನೆ ಲೆಕ್ಕ ಹಾಕಿದರೆ ಇಬ್ಬರದೂ ಒಂದೊಂದು ಅಂತಲೇ ಬರುತ್ತದೆ, ಅಲ್ವಾ? ಹೆದರಿಕೆ ಯಾರಿಗೆ, ಪೆಟ್ಟು ಯಾರಿಗೆ ಅನ್ನೋದು ಆ ಲೆಕ್ಕದಲ್ಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗರ್ಭಿಣಿಯಾಗಿದ್ದಾಗ ಹೊಡೆತ ತಿಂದೆವು ಎಂದವರು ಶೇ. 3.1. ಅದು ಬಾಯಿ ಬಿಟ್ಟವರ ಲೆಕ್ಕ ಮಾತ್ರ. ತಪಾಸಣೆಗೆ ಹೋದಾಗಲೂ ಆ ಹುಡುಗಿಯ ಪಕ್ಕದಲ್ಲಿ ಗಂಡ, ಇಲ್ಲವೇ ಅತ್ತೆ. ಹೇಳುವುದಾದರೂ ಹೇಗೆ? ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲೇ ಇಂಥವರಿಗಾಗಿ 'ದಿಲಾಸಾ' ಕೇಂದ್ರ ಶುರುವಾಯಿತು. ಅದರ ಬಗ್ಗೆ, 181 ಮಹಿಳಾ ಸಹಾಯವಾಣಿ ಬಗ್ಗೆ ಒಂದು ಸಾಲನ್ನಾದರೂ ಲೇಖನದಲ್ಲಿ ಸೇರಿಸಿ, ದಯವಿಟ್ಟು.