ಒಂದು ಸೆಂಟಿನ ಊರು

ಚಿಕ್ಕಂದಿನಲ್ಲಿ ನಮ್ಮ ಬೀದಿ ಕ್ರಿಕೆಟ್ಟಿನಲ್ಲಿ ಟಾಸ್ ಹಾಕಲು ನಾಣ್ಯ ಇರುತ್ತಿರಲಿಲ್ಲ. ನಾಣ್ಯ ಸಿಕ್ಕವನು ಪೆಪ್ಪರ್‌ಮೆಂಟಿಗೆ ಅಂಗಡಿಗೆ ಓಡುತ್ತಿದ್ದನೇ ಹೊರತು ಆಟಕ್ಕೆ ಬರುತ್ತಿರಲಿಲ್ಲ. ಒಡೆದ ಹೆಂಚಿನ ಚೂರಿನ ಒಂದು ಬದಿಗೆ ಉಗುಳಿ ಮೇಲಕ್ಕೆಸೆಯುತ್ತಿದ್ದೆವು. ಒದ್ದೆಯೋ, ಒಣವೋ? ಸೋತವರು ತಕ್ಷಣ ‘ಮೂರಕ್ಕೆ ಎರಡು’ ಅಂತ ವರಾತ ತೆಗೆಯುತ್ತಿದ್ದರು.

ಇದೆಲ್ಲ ನೆನಪಾದದ್ದು ಮಗಳ ಮನೆಗೆಂದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಹೋಗಿದ್ದಾಗ. ಆ ಊರಿಗೆ ಹೆಸರು ಬಂದದ್ದೂ ಟಾಸ್‌ನಿಂದಲೇ. ಅದೂ ಮೂರಕ್ಕೆ ಎರಡರ ಲೆಕ್ಕದಲ್ಲಿ!

1843ರಲ್ಲಿ ವಿಲಿಯಂ ಓವರ್ಟನ್ ಮತ್ತು ಏಸಾ ಲವ್‌ಜಾಯ್ ಎಂಬಿಬ್ಬರು ವಿಲಾಮೆಟ್ ನದಿಯಲ್ಲಿ ದೋಣಿಯಲ್ಲಿ ಹೋಗುತ್ತಿದ್ದರು. ದಡದಲ್ಲಿ ಒಂದು ಜಾಗ ಓವರ್ಟನ್‌ನ ಕಣ್ಣಿಗೆ ಬಿತ್ತು. ಸುತ್ತ ಮುಗಿಲೆತ್ತರದ ಮರಗಳು, ನಡುವೆ ಬಯಲು. ಒರೆಗಾನಿನ ಆಗಿನ ತಾತ್ಕಾಲಿಕ ಸರ್ಕಾರದಲ್ಲಿ ಒಬ್ಬನಿಗೆ 640 ಎಕರೆ ಬರೆಸಿಕೊಳ್ಳಲು ಅವಕಾಶವಿತ್ತು. ಅರ್ಜಿ ಶುಲ್ಕ 25 ಸೆಂಟು. ಓವರ್ಟನ್ ಜೇಬು ತಡಕಿದ, ಅಷ್ಟೂ ಇಲ್ಲ. ಲವ್‌ಜಾಯ್ ಕೊಟ್ಟ, ಅರ್ಧ ಪಾಲು ತಗೊಂಡ. ವಕೀಲ ನೋಡಿ, ಸುಮ್ನೆ ಕೊಡ್ತಾನಾ? ಅಂದ ಹಾಗೆ, ಆ ಸೀಮೆ ಅಮೆರಿಕದ್ದೋ ಬ್ರಿಟನ್ನಿನದ್ದೋ ಅಂತ ತೀರ್ಮಾನವಾದದ್ದೇ 1846ರಲ್ಲಿ. ಇವರ ಅರ್ಜಿ ಅದಕ್ಕಿಂತ ಮುಂಚೆಯೇ!

ಬಯಲು ಅಂದೆನಲ್ಲ, ಬಿಳಿಯರು ಆ ಜಾಗವನ್ನು ಕರೆಯುತ್ತಿದ್ದದ್ದೂ ಹಾಗೇ, ‘ಕ್ಲಿಯರಿಂಗ್’ ಅಂತ. ಮರಗಳೇನು ತಾವಾಗಿ ಸರಿದು ನಿಂತಿರಲಿಲ್ಲ. ಚಿನೂಕ್ ಎಂಬ ಮೂಲನಿವಾಸಿ ಜನ ಈ ನದಿಯಲ್ಲಿ ಓಡಾಡಿಕೊಂಡು, ದಡಗಳಲ್ಲಿ ಬದುಕು ಕಟ್ಟಿಕೊಂಡಿದ್ದವರು. 1830ರ ದಶಕದಲ್ಲಿ ಹೊರಗಿನಿಂದ ಬಂದ ಜ್ವರ ಹಳ್ಳಿಹಳ್ಳಿಗಳನ್ನೇ ಬಳಿದುಕೊಂಡು ಹೋಯಿತು. ಆಮೇಲೆ ಬಂದವರಿಗೆ ಎಲ್ಲ ಖಾಲಿ ಕಂಡಿತು. 25 ಸೆಂಟು ಯಾರ ಕೈಯಲ್ಲಿತ್ತು ಅನ್ನೋದನ್ನಷ್ಟೇ ದಾಖಲೆ ಬರೆದಿಟ್ಟುಕೊಂಡಿದೆ.

ಓವರ್ಟನ್‌ಗೆ ಬೇಗ ಬೇಜಾರಾಯಿತು. ತನ್ನ ಪಾಲನ್ನು ಫ್ರಾನ್ಸಿಸ್ ಪೆಟ್ಟಿಗ್ರೋವ್ ಎಂಬ ವ್ಯಾಪಾರಿಗೆ ಮಾರಿ ಹೊರಟುಹೋದ. ಈಗ ಉಳಿದ ಇಬ್ಬರೂ ಹೆಸರಿಗಾಗಿ ಕೂತರು. ಲವ್‌ಜಾಯ್ ಮ್ಯಾಸಚೂಸೆಟ್ಸಿನವನು, ಬಾಸ್ಟನ್ ಅಂತಿಡೋಣ ಅಂದ. ಪೆಟ್ಟಿಗ್ರೋವ್ ಮೇನ್ ರಾಜ್ಯದವನು, ಅಲ್ಲಿನ ಪೋರ್ಟ್‌ಲ್ಯಾಂಡಿನ ಹೆಸರೇ ಆಗಬೇಕು ಅಂದ. 1845ರಲ್ಲಿ ಒರೆಗಾನ್ ಸಿಟಿಯ ಒಂದು ಮನೆಯಲ್ಲಿ ತಾಮ್ರದ ಒಂದು ಸೆಂಟು ಮೇಲಕ್ಕೆ ಹಾರಿತು. ಮೂರರಲ್ಲಿ ಎರಡು ಪೆಟ್ಟಿಗ್ರೋವ್‌ಗೆ.

ಆ ನಾಣ್ಯ ಈಗ ಒರೆಗಾನ್ ಹಿಸ್ಟಾರಿಕಲ್ ಸೊಸೈಟಿಯಲ್ಲಿದೆ. 1835ರದ್ದು. ನಮ್ಮ ಹಳೇ ದೊಡ್ಡ ರೂಪಾಯಿಯಷ್ಟು ಅಗಲ. ಕೂದಲು ಕಟ್ಟಿದ ಹೆಣ್ಣಿನ ಮುಖ, ಸುತ್ತ ನಕ್ಷತ್ರ. ನಾನು ಗಾಜಿಗೆ ಮೂಗು ಹಚ್ಚಿ ನೋಡುತ್ತಿದ್ದೆ. ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ನಾಣ್ಯ ಯಾರ್ದಂತ್ರೀ?”

ಪೆಟ್ಟಿಗ್ರೋವ್‌ದು.

“ಗೆದ್ದೋನು?”

ಅವನೇ.

ಅವಳು ಹೂಂ ಅಂದಳು. ನಮ್ಮ ಬೀದಿಯಲ್ಲಾಗಿದ್ದರೆ ಬೇರೆ ಹೆಂಚು ತರಿಸುತ್ತಿದ್ದೆವು.

ಊರೇನೋ ಬೆಳೆಯಿತು. ಕ್ಯಾಪ್ಟನ್ ಜಾನ್ ಕೂಚ್, ಹಡಗು ಬರಲು ಇಲ್ಲಿ ಬೇಕಾದಷ್ಟು ಆಳವಿದೆ ಅಂದ ಮೇಲೆ ಇನ್ನೇನು. ಮರ ಕಡಿಯುವವರಿಗೆ ಬುಡ ಕೀಳಲು ಪುರುಸೊತ್ತಿರಲಿಲ್ಲ. ರಸ್ತೆ ತುಂಬ ಬೊಡ್ಡೆಗಳು. ಕತ್ತಲಲ್ಲಿ ಎಡವಬಾರದು ಅಂತ ಅವಕ್ಕೆ ಸುಣ್ಣ ಬಳಿದರಂತೆ. ಮಳೆಗಾಲದ ಕೆಸರಿನಲ್ಲಿ ಜನ ಬೊಡ್ಡೆಯಿಂದ ಬೊಡ್ಡೆಗೆ ಹಾರಿಕೊಂಡು ಹೋಗುತ್ತಿದ್ದರಂತೆ. ಊರಿಗೆ ‘ಸ್ಟಂಪ್‌ಟೌನ್’ ಅಂತ ಅಡ್ಡಹೆಸರು ಬಿತ್ತು. ಬೊಡ್ಡೆಯೂರು! ಟಾಸ್ ಇಲ್ಲದೆ ಬಂದ ಈ ಹೆಸರೇ ನನಗೆ ಜಾಸ್ತಿ ಇಷ್ಟ.

ಇನ್ನೊಂದು ವಿಷಯ. ಅಲ್ಲಿ ಊರ ನಡುವೆ ನಡೆದರೆ ಕ್ರಾಸ್ ಮೇಲೆ ಕ್ರಾಸ್ ಬರುತ್ತದೆ. 1845ರಲ್ಲೇ 200 ಅಡಿಗೊಂದು ಬ್ಲಾಕ್ ಅಂತ ಅಳೆದುಬಿಟ್ಟಿದ್ದರು. ಮೂಲೆಯ ಜಾಗಕ್ಕೆ ಬೆಲೆ ಹೆಚ್ಚು, ಅದಕ್ಕೇ ಮೂಲೆಗಳನ್ನು ಹೆಚ್ಚಿಸಿದರು ಅಂತ ಜನ ಹೇಳುತ್ತಾರೆ. ಕಾರ್ನರ್ ಸೈಟಿನ ಮೋಹ ಬೆಂಗಳೂರಿನದ್ದು ಮಾತ್ರ ಅಂದುಕೊಂಡಿದ್ದೆ.

ಇಷ್ಟೆಲ್ಲ ಮಾಡಿ, ಅವರಾದರೂ ಅಲ್ಲಿ ಉಳಿದರಾ? ಲವ್‌ಜಾಯ್ ಅದೇ ವರ್ಷ ತನ್ನ ಪಾಲು ಮಾರಿದ. ಪೆಟ್ಟಿಗ್ರೋವ್ 1848ರಲ್ಲಿ 5,000 ಡಾಲರ್ ಬೆಲೆಯ ಹದ ಮಾಡಿದ ತೊಗಲು ತಗೊಂಡು ಊರನ್ನು ಡೇನಿಯಲ್ ಲೌನ್ಸ್‌ಡೇಲ್ ಎಂಬ ಚರ್ಮದ ವ್ಯಾಪಾರಿಗೆ ಬಿಟ್ಟುಕೊಟ್ಟ. ಮುಂದೆ ಉತ್ತರಕ್ಕೆ ಹೋಗಿ, ಇನ್ನೊಂದಿಷ್ಟು ಜನರ ಜೊತೆ ಸಮುದ್ರದಂಚಿನಲ್ಲಿ ಮತ್ತೊಂದು ಊರು ಶುರುಮಾಡಿದ. ಅದೇ ಪೋರ್ಟ್ ಟೌನ್‌ಸೆಂಡ್. ಆ ರೇವಿಗೆ ಮಾತ್ರ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್ 1792ರಲ್ಲೇ ಹೆಸರಿಟ್ಟು ಹೋಗಿದ್ದ. ತಾಮ್ರದ ಸೆಂಟಿಗೆ ಅಲ್ಲಿ ಕೆಲಸವಿರಲಿಲ್ಲ.