ಮುತ್ತಾತನ ವಯಸ್ಸು ಟಾಪ್ ಸೀಕ್ರೆಟ್

ಸತ್ತೋರ ಗುಟ್ಟು ಕಾಯೋದ್ರಲ್ಲಿ ಬ್ರಿಟನ್ ಸರ್ಕಾರಕ್ಕಿರೋ ನಿಯತ್ತು ಇನ್ಯಾರಿಗೂ ಇಲ್ಲ ಬಿಡಿ. ಅಲ್ಲಿ ಜನಗಣತಿ ಫಾರಂಗೆ 100 ವರ್ಷ ಬೀಗ. ಮನೇಲಿ ಯಾರ್ಯಾರಿದ್ರು, ಯಾರಿಗೆ ಯಾರು ಏನಾಗ್ಬೇಕು, ವಯಸ್ಸೆಷ್ಟು, ಎಲ್ಲಿ ಹುಟ್ಟಿದ್ದು, ಹೊಟ್ಟೆಪಾಡಿಗೆ ಏನ್ ಕೆಲಸ, ಹೆಚ್ಚೂಕಮ್ಮಿ ಇಷ್ಟೇ ಅದರಲ್ಲಿರೋದು, ಆದ್ರೆ ಗಣಿಲಿ ದುಡಿದು ಎಂದೋ ಮಣ್ಣಾದ ಮುತ್ತಾತನಿಗೆ ಆವಾಗ 34 ವರ್ಷ ಅಂತ ಮರಿಮಗನಿಗೆ ಗೊತ್ತಾಗ್ಬಿಟ್ರೆ ಸಿಂಹಾಸನ ಅಲ್ಲಾಡೋಗುತ್ತೆ ಅನ್ನೋ ಥರ ಕಾವಲು. ಈ 100 ಅನ್ನೋ ನಂಬರ್ ಯಾವ ಸಂಶೋಧನೆಯಿಂದ ಬಂತು ಅಂತ ತಲೆ ಕೆಡಿಸ್ಕೋಬೇಡಿ, 1966ರಲ್ಲಿ ಲಾರ್ಡ್ ಚಾನ್ಸಲರ್ ಅನ್ನೋ ಮಂತ್ರಿ ಸಾಹೇಬ್ರು ಆದೇಶ ಹೊರಡಿಸಿದ್ರು, ಮುಗೀತು. ಅದೇ ಗುಟ್ಟು ಅಮೆರಿಕದಲ್ಲಿ 72 ವರ್ಷಕ್ಕೇ ಹಳಸೋಗುತ್ತೆ, ಕೆನಡಾದಲ್ಲಿ 92 ತನಕ ತಡೀತದೆ. ಹವಾಮಾನದ ಮಹಿಮೆ ಇರ್ಬೇಕು.

ಸರಿ, ಇಷ್ಟು ಜೋಪಾನ ಮಾಡಿದ ಕಾಗದಗಳ ಗತಿ ಏನಾಯ್ತು ಅಂತ ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಫಾರಂಗಳೆಲ್ಲ 1942ರ ಡಿಸೆಂಬರಲ್ಲಿ ಹೇಯ್ಸ್ ಅನ್ನೋ ಕಡೆ ಗೋಡೌನಲ್ಲಿ ಸುಟ್ಟು ಬೂದಿ. ಯುದ್ಧದ ಟೈಮು, ಹಿಟ್ಲರ್ ಬಾಂಬ್ ಹಾಕಿರ್ಬೇಕು ಅಂದ್ಕೊಂಡ್ರಾ? ಇಲ್ಲ, ಶತ್ರುವಿಗೂ ಅದಕ್ಕೂ ಸಂಬಂಧಾನೇ ಇಲ್ಲ, ತಮ್ಮ ಪಾಡಿಗೆ ತಾವೇ ಸುಟ್ಟೋದ್ವು. 1941ರಲ್ಲಿ ಯುದ್ಧ ಅಂತ ಗಣತಿನೇ ಮಾಡ್ಲಿಲ್ಲ. ಅಲ್ಲಿಗೆ 1921ರದ್ದು ಬಿಟ್ರೆ ಮುಂದಿನದು 1951ರದ್ದು, ಅದು ತೆರೆಯೋದು 2052ಕ್ಕೆ. ಪಕ್ಕದ ಐರ್ಲೆಂಡಿನ ಕಥೆ ಕೇಳಿದ್ರಂತೂ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 1861 ಮತ್ತು 1871ರ ಫಾರಂಗಳನ್ನ ಎಣಿಕೆ ಮುಗಿದ ಮೇಲೆ ಸರ್ಕಾರನೇ ನಾಶ ಮಾಡ್ತು, 1881, 1891ರದ್ದನ್ನ ಮೊದಲನೇ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂತು ಅಂತ ರದ್ದಿಗೆ ಹಾಕಿ ತಿರುಳು ಮಾಡ್ಸಿದ್ರು, ಅದಕ್ಕಿಂತ ಹಳೇದರಲ್ಲಿ ಹೆಚ್ಚಿನದು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸಮೇತ ಹೊತ್ತಿ ಉರೀತು. ಇಷ್ಟೆಲ್ಲ ಆದ್ಮೇಲೆ 1926ರಲ್ಲಿ ಹೊಸ ದೇಶದ ಮೊದಲ ಗಣತಿ ಮಾಡಿದ್ರಲ್ಲ, ಅದಕ್ಕೆ ಬಂತು ನೋಡಿ ಖಾಸಗಿತನದ ಕಾಳಜಿ, 100 ವರ್ಷ ತುಂಬೋ ತನಕ, ಅಂದ್ರೆ 2026ರ ತನಕ, ಯಾರೂ ಮುಟ್ಟಂಗಿರ್ಲಿಲ್ಲ! ಅಂದ್ರೆ ಬೆಂಕಿ ನೋಡ್ಬಹುದಿತ್ತು, ರದ್ದಿ ಮಿಲ್ಲಿನೋರು ನೋಡ್ಬಹುದಿತ್ತು, ಮೊಮ್ಮಕ್ಕಳು ನೋಡಂಗಿರ್ಲಿಲ್ಲ.

ಇಂಥಾ ಇಲಾಖೆಗಳ ಜೊತೆ ವಂಶಾವಳಿ ಹುಡುಕೋ ಜನ, ಅದರಲ್ಲೂ ರಿಟೈರ್ ಆದೋರು, ವರ್ಷಗಟ್ಟಲೆ ಗುದ್ದಾಡಿದ್ದಾರೆ ಅನ್ನೋದೇ ದೊಡ್ಡ ಸೋಜಿಗ. ಮಾಹಿತಿ ಹಕ್ಕಿನ ಕಾನೂನು ಹಿಡ್ಕೊಂಡು 1911ರ ಗಣತಿ ಕೊಡಿ ಅಂತ ಅರ್ಜಿ ಹಾಕಿದ್ರು, ಕೊಡಲ್ಲ ಅಂದ್ರು, 2006ರಲ್ಲಿ ಮಾಹಿತಿ ಆಯುಕ್ತರು ಕೊಡಲೇಬೇಕು ಅಂದ್ರು, ಹಂಗೂ ಹಿಂಗೂ 2009ರಲ್ಲಿ ಆನ್‌ಲೈನ್ ಬಂತು. ಆದ್ರೆ ಪೂರ್ತಿ ಅಲ್ಲ. ಫಾರಂ ಬಲಗಡೆ ಕೊನೇ ಕಾಲಮ್ ಒಂದಿತ್ತು, ಮನೇಲಿ ಯಾರಿಗಾದ್ರೂ ಕಿವಿ ಕೇಳ್ಸಲ್ವಾ, ಕಣ್ಣು ಕಾಣಲ್ವಾ, ಬುದ್ಧಿ ಮಂದವಾ ಅಂತ ಕೇಳೋದು. ಅದೊಂದನ್ನ ಮುಚ್ಚಿ ಮಿಕ್ಕಿದ್ದು ತೋರ್ಸಿದ್ರು. ಅದರ ಮುಸುಕು ತೆಗೆಯೋಕೆ 2012 ಬರ್ಬೇಕಾಯ್ತು, ಮೂರು ವರ್ಷದಲ್ಲಿ ಮುತ್ತಜ್ಜಿ ಕಿವುಡಿನ ಗೌರವ ಏನು ಹೆಚ್ಚಾಯ್ತೋ ಆ ಪುಣ್ಯಾತ್ಮರಿಗೇ ಗೊತ್ತು.

ಇದೇ 1911ರ ಗಣತಿ ರಾತ್ರಿ ಎಮಿಲಿ ವೈಲ್ಡಿಂಗ್ ಡೇವಿಸನ್ ಅನ್ನೋ ಹೋರಾಟಗಾರ್ತಿ, ಓಟಿನ ಹಕ್ಕು ಕೊಡದ ಸರ್ಕಾರಕ್ಕೆ ನಮ್ಮ ಲೆಕ್ಕ ಯಾಕ್ ಬೇಕು ಅಂತ, ಪಾರ್ಲಿಮೆಂಟ್ ಕಟ್ಟಡದ ನೆಲಮಾಳಿಗೆ ಚಾಪೆಲ್ ಹತ್ರ ಒಂದು ಬೀರುವಿನೊಳಗೆ ಬಚ್ಚಿಟ್ಕೊಂಡಿದ್ರು. ಸಿಕ್ಕಿಬಿದ್ರು, ಕಟ್ಟಡದ ಉಸ್ತುವಾರಿ ಅಧಿಕಾರಿ ಅಲ್ಲೇ ಅವರ ಹೆಸರು ಬರ್ಕೊಂಡ. ಅವರ ಲಾಡ್ಜಿಂಗ್ ಕಡೆ ಫಾರಂನಲ್ಲೂ ಹೆಸರು ಬಿತ್ತು, ಲೆಕ್ಕಕ್ಕೆ ಸಿಗಬಾರದು ಅಂದೋರು ಎರಡು ಸಲ ಲೆಕ್ಕಕ್ಕೆ ಸಿಕ್ರು. 1913ರಲ್ಲಿ ಅವರು ತೀರ್ಕೊಂಡ್ರು, ಅದಾಗಿ 90 ವರ್ಷ ದಾಟಿದ್ರೂ ಸರ್ಕಾರ ಆ ಫಾರಂಗಳನ್ನ ಅವರ 'ಖಾಸಗಿತನ ಕಾಪಾಡೋಕೆ' ಬೀರುವಿನಲ್ಲಿ ಬಚ್ಚಿಟ್ಟಿತ್ತು. ಇವರ ಹತ್ರ ಕಲಿತಿರ್ಬೇಕು.

1939ರ ರಿಜಿಸ್ಟರ್ ಅಂತ ಇನ್ನೊಂದಿದೆ. ಯುದ್ಧ ಶುರುವಾದ ತಿಂಗಳಲ್ಲೇ ಗುರುತಿನ ಚೀಟಿಗೆ ಅಂತ ಇಡೀ ದೇಶದ ಹೆಸರು ಬರ್ಕೊಂಡಿದ್ದು. ಕಾನೂನು ಪ್ರಕಾರ ಇದು ಜನಗಣತಿ ಅಲ್ವಂತೆ, ಹಂಗಾಗಿ 100 ವರ್ಷದ ಬೀಗ ಇದಕ್ಕೆ ಹತ್ತಲಿಲ್ಲ, 2015ರಲ್ಲಿ ಆನ್‌ಲೈನ್ ಬಂತು. ಖುಷಿಯಾಗಿ ತೆರೆದ್ರೆ ಯಜಮಾನ ಕಾಣ್ತಾನೆ, ಹೆಂಡತಿ ಕಾಣ್ತಾಳೆ, ಅದರ ಕೆಳಗೆ ಕಪ್ಪು ಪಟ್ಟಿ. ಹುಟ್ಟಿ ಇನ್ನೂ 100 ವರ್ಷ ಆಗ್ದಿದ್ರೆ, ಸತ್ತಿದ್ದು ಇಲಾಖೆ ಲೆಕ್ಕದಲ್ಲಿ ಇಲ್ದಿದ್ರೆ, ಅವರು ಬದುಕಿದ್ದಾರೆ ಅಂತಲೇ ಅರ್ಥ. ನೀವು ಹೋಗಿ ಮಣ್ಣು ಮಾಡಿ ಬಂದಿರ್ಬಹುದು, ತಿಥಿ ಊಟ ಮುಗಿಸಿರ್ಬಹುದು, ಸತ್ತಿದ್ದಕ್ಕೆ ದಾಖಲೆ ಕಳಿಸೋ ತನಕ ಅಜ್ಜಿಗೆ ಸಾವಿಲ್ಲ.

ಕೆನಡಾದೋರದ್ದು ಇನ್ನೂ ಮಜಾ. 1906 ಮತ್ತು 1911ರ ಗಣತಿ ಯಾವತ್ತೂ ಕೊಡಕ್ಕಾಗಲ್ಲ, ಆಗಿನ ಪ್ರಧಾನಿ ವಿಲ್ಫ್ರಿಡ್ ಲಾರಿಯರ್ ಜನಕ್ಕೆ ಮಾತು ಕೊಟ್ಟಿದ್ರು ಅಂತ ಅಂಕಿಅಂಶ ಇಲಾಖೆ ಪಟ್ಟು ಹಿಡೀತು. ರಾಜಕಾರಣಿ ಕೊಟ್ಟ ಮಾತನ್ನ ಸತ್ತು 80 ವರ್ಷ ಆದ್ಮೇಲೂ ಉಳಿಸ್ಕೊಳೋ ಇಲಾಖೆ ಇದೊಂದೇ ಇರ್ಬೇಕು. ತಮಾಷೆ ಏನಪ್ಪಾ ಅಂದ್ರೆ, 2000ದಲ್ಲಿ ತಜ್ಞರ ಸಮಿತಿ ಹಳೇ ಕಡತ ಎಲ್ಲ ಜಾಲಾಡಿ ಶಾಶ್ವತ ಗುಟ್ಟಿನ ಭರವಸೆ ಅಂತ ಏನೂ ಇರ್ಲೇ ಇಲ್ಲ ಅಂತು. ಸೆನೆಟರ್ ಲೋರ್ನಾ ಮಿಲ್ನ್ ಮಸೂದೆ ಮೇಲೆ ಮಸೂದೆ ತಂದ್ರು, ಜನ ಸಹಿ ಮಾಡಿ ಮಾಡಿ ಮೂಟೆ ಕಳ್ಸಿದ್ರು, 2005ಕ್ಕೆ ಕಾನೂನು ಬದಲಾಯ್ತು.

ಅತ್ಲಾಗೆ ಬ್ರಿಟನ್‌ನಲ್ಲಿ 2022ರ ಜನವರಿಲಿ 1921ರ ಗಣತಿಯ ಬೀಗ ತೆಗೆದ್ರಲ್ಲ, ಆಗ ಗೊತ್ತಾಯ್ತು 100 ವರ್ಷ ಕಾಪಾಡಿದ ಗೌಪ್ಯತೆಯ ಬೆಲೆ. ಫಾರಂ ಚಿತ್ರಕ್ಕೆ 3.50 ಪೌಂಡ್, ಅದರ ಟೈಪ್ ಮಾಡಿದ ಪ್ರತಿಗೆ 2.50, ಖಾಸಗಿ ಕಂಪನಿಯ ಸೈಟಲ್ಲಿ ಆಗಿನ ರೇಟು ಇದು. ಪುಕ್ಕಟೆ ಬೇಕಂದ್ರೆ ಲಂಡನ್‌ನ ಕ್ಯೂ ಅನ್ನೋ ಬಡಾವಣೆಲಿರೋ ನ್ಯಾಷನಲ್ ಆರ್ಕೈವ್ಸ್ (ರಾಷ್ಟ್ರೀಯ ದಾಖಲೆ ಕಚೇರಿ) ಥರದ ಒಂದೆರಡು ಕಡೆಗೆ ನೀವೇ ನಡೀಬೇಕಿತ್ತು.

ಇದನ್ನೆಲ್ಲ ಓದಿ ನಾವು ನಗ್ಬಹುದಾ? ನಮ್ಮ 1948ರ ಜನಗಣತಿ ಕಾಯ್ದೆ 15ನೇ ಸೆಕ್ಷನ್ ನೋಡಿ ಆಮೇಲೆ ನಗಿ. ಗಣತಿ ದಾಖಲೆ ನೋಡೋ ಹಕ್ಕು ಯಾರಿಗೂ ಇಲ್ಲ ಅಂತ ಬರೆದು ಪೂರ್ಣವಿರಾಮ ಇಟ್ಟಿದ್ದಾರೆ. 72 ಇಲ್ಲ, 92 ಇಲ್ಲ, 100ಉ ಇಲ್ಲ. ಅವರೆಲ್ಲ ವರ್ಷ ಕಮ್ಮಿ ಮಾಡಿ ಅಂತ ಹೋರಾಟ ಮಾಡ್ತಾರೆ, ನಾವು ಮೊದಲು ಕಮ್ಮಿ ಮಾಡೋಕೆ ಒಂದು ನಂಬರ್ ಕೊಡಿ ಸ್ವಾಮಿ ಅಂತ ಅರ್ಜಿ ಹಾಕ್ಬೇಕು.